ದಿವಾನ್ ರಂಗಾಚಾರ್ಲುರವರು

ಮೈಸೂರು ನಗರದ ಪೂರ್ವದಲ್ಲಿರುವ ನಜರ್‌ಬಾದಿಗೆ ಒಂದು ಹಳೆಯ ವೃತ್ತಾಂತವುಂಟು. 1787ರ ಸುಮಾರಿನಲ್ಲಿ ಟಿಪ್ಪು ಸುಲ್ತಾನನು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಸಮೀಪದ ದಿಣ್ಣೆಗೆ ಸಾಗಿಸಿ, ಅಲ್ಲಿ ಹೊಸ ಕೋಟೆಯನ್ನು ಕಟ್ಟಿಸಲು ಹೊರಟು ಆ ಸ್ಥಳಕ್ಕೆ ಈ ಹೆಸರನ್ನಿಟ್ಟನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅದೇ ಕಲ್ಲುಗಳು ಮರಳಿ ಬಂದು ಮೈಸೂರಿನ ಕೋಟೆಯು ಮತ್ತೆ ಎದ್ದಿತು. ಕಲ್ಲನ್ನು ಹೀಗೆ ಮರಳಿ ತರಬಹುದು. ಆಳುವವರಲ್ಲಿ ಪ್ರಜೆಗಳಿಗಿದ್ದ ನಂಬುಗೆಯು ಒಮ್ಮೆ ಕಳಚಿಬಿದ್ದರೆ ಅದನ್ನು ಮರಳಿ ಕೂಡಿಸುವುದು ಅಷ್ಟು ಸುಲಭವಲ್ಲ. ಮೈಸೂರು ಸೀಮೆಯಲ್ಲಿ ಆ ಕಾರ್ಯಕ್ಕೆ ಕೈಯಿಟ್ಟ ಮಹನೀಯರೇ ದಿವಾನ್ ರಂಗಾಚಾರ್ಲುರವರು.

ಆ ನಂಬುಗೆಯು ಕಳಚಿದುದು 1830ರಲ್ಲಿ. ಅಮಲ್ದಾರರು ಇಂತಿಷ್ಟು ಹಣವನ್ನು ಒಪ್ಪಿಸಲೇಬೇಕೆಂಬ ಷರತ್ತಿನ ಪದ್ಧತಿಯಿಂದ ರೈತರು ಕಂದಾಯದ ಭಾರಕ್ಕೆ ಸಿಕ್ಕಿ ನರಳಿದರು, ಮೊರೆಯಿಟ್ಟರೆ ಕೇಳುವವರಿರಲಿಲ್ಲ. ಆಗ ನಗರದ ಸೀಮೆಯಲ್ಲಿ ಅವರು ಕೂಟಗಳಾಗಿ ನೆರೆದು ದಂಗೆಯೆದ್ದರು. ಅದನ್ನೇ ಕಾರಣವಾಗಿಟ್ಟುಕೊಂಡು 1831ರಲ್ಲಿ ಆಂಗ್ಲರು ಮುಮ್ಮಡಿ ಕೃಷ್ಣರಾಜ ಒಡೆಯರವರಿಂದ ಆಡಳಿತವನ್ನು ತೆಗೆದುಕೊಂಡರು. ಅಲ್ಲಿಂದ ಐವತ್ತು ವರ್ಷ ಕಮೀಷನರುಗಳ ಆಳಿಕೆ. ರಸ್ತೆ, ಕಚೇರಿ, ಕಾನೂನುಗಳು ಬಂದುವು. ಆದರೆ ಪ್ರಜೆಯನ್ನು ಕರೆದು ಕೇಳುವ ಪದ್ಧತಿ ಮಾತ್ರ ಬರಲಿಲ್ಲ.

ಅದೇ 1831ರಲ್ಲಿ ಚೆಂಗಲ್ಪಟ್ಟು ಜಿಲ್ಲೆಯ ಶ್ರೀವೈಷ್ಣವ ಕುಟುಂಬವೊಂದರಲ್ಲಿ ರಂಗಾಚಾರ್ಲುರವರು ಜನಿಸಿದರು. ಮದರಾಸಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ, ಕಲೆಕ್ಟರರ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿದರು. ಕೆಳಗಿನ ಮೆಟ್ಟಿಲಿನಲ್ಲಿ ನಿಂತು ನೋಡಿದವರಿಗೆ ಕಚೇರಿಯ ನಿಜಸ್ಥಿತಿ ತಿಳಿಯುತ್ತದೆ. ಲಂಚಗುಳಿತನವನ್ನು ಕುರಿತೂ ಮಿರಾಸಿ ಹಕ್ಕನ್ನು ಕುರಿತೂ ಅವರು ಎಳೆವಯಸ್ಸಿನಲ್ಲಿಯೇ ಬರೆದು ಪ್ರಕಟಿಸಿದುದು ಈ ಅನುಭವದ ಫಲವೇ ಸರಿ. ಕ್ರಮವಾಗಿ ಮೇಲೇರಿ ಡೆಪ್ಯುಟಿ ಕಲೆಕ್ಟರರಾದರು.

1868ರಲ್ಲಿ ಮುಮ್ಮಡಿಯವರು ದೈವಾಧೀನರಾದಾಗ ಅರಮನೆಯ ಲೆಕ್ಕಪತ್ರಗಳನ್ನು ಸರಿಪಡಿಸುವುದಕ್ಕಾಗಿ ರಂಗಾಚಾರ್ಲುರವರನ್ನು ಮೈಸೂರಿಗೆ ಕರೆತರಲಾಯಿತು. ಅರಮನೆಯ ಆಡಳಿತವನ್ನು ನೋಡಿಕೊಳ್ಳುತ್ತಿದ್ದಂತೆಯೇ ಅವರು ನಾಡಿನ ಆಡಳಿತವನ್ನೂ ಗಮನಿಸಿದರು. ಹೆಚ್ಚು ಸಂಬಳದ ಪರದೇಶದ ಅಧಿಕಾರಿಗಳಿಂದ ವೆಚ್ಚ ಬೆಳೆಯಿತೆಂದೂ ದೇಶೀಯರು ಹಿಂದೆ ಬಿದ್ದರೆಂದೂ 1874ರಲ್ಲಿ ಲಂಡನ್ನಿನಲ್ಲಿ ಒಂದು ಪುಸ್ತಿಕೆಯನ್ನು ಪ್ರಕಟಿಸಿದರು. ತಾವೇ ಸೇವೆಯಲ್ಲಿದ್ದ ಸರ್ಕಾರದ ದೋಷವನ್ನು ಹೀಗೆ ಹೊರಗಿಡುವುದಕ್ಕೆ ಎದೆಗಾರಿಕೆ ಬೇಕಾಗಿದ್ದಿತು.

1881ನೆಯ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರವರಿಗೆ ರಾಜ್ಯವು ಮರಳಿ ಬಂದಿತು, ರಂಗಾಚಾರ್ಲುರವರು ದಿವಾನರಾದರು. ಆದರೆ ಬಂದ ರಾಜ್ಯವು ಬಡವಾಗಿದ್ದಿತು. 1876-78ರ ಮಹಾಕ್ಷಾಮದಲ್ಲಿ ನಾಡು ಬರಿದಾಗಿದ್ದಿತು. 1871ರ ಎಣಿಕೆಯಲ್ಲಿ 50 ಲಕ್ಷಕ್ಕೂ ಮೀರಿದ್ದ ಜನಸಂಖ್ಯೆ ಹತ್ತು ವರ್ಷಗಳಲ್ಲಿ 42 ಲಕ್ಷಕ್ಕೂ ಕಡಿಮೆಯಾಯಿತು. ಕ್ಷಾಮದ ಸಾಲ 80 ಲಕ್ಷ ರೂಪಾಯಿಗಳು. ಆಂಗ್ಲರಿಗೆ ಸಲ್ಲಬೇಕಾದ ವಾರ್ಷಿಕ ಪೊಗದಿಯನ್ನು 24½ ಲಕ್ಷದಿಂದ 35 ಲಕ್ಷಕ್ಕೆ ಏರಿಸಿದ್ದರು. ಆ ಹೆಚ್ಚಳವನ್ನು ಐದು ವರ್ಷ ಮುಂದೂಡಿದುದೊಂದೇ ಸಮಾಧಾನ.

ಇಂತಹ ಹೊತ್ತಿನಲ್ಲಿ ಬೇರೊಬ್ಬರು ಖಜಾನೆಯ ಬಾಗಿಲನ್ನು ಮುಚ್ಚಿಕೊಂಡು ಕುಳಿತಿರುತ್ತಿದ್ದರು. ರಂಗಾಚಾರ್ಲುರವರು ಖಜಾನೆಯ ಲೆಕ್ಕವನ್ನು ಪ್ರಜೆಗಳ ಮುಂದೆ ತೆರೆದಿಡಲು ನಿಶ್ಚಯಿಸಿದರು. 1881ನೆಯ ಆಗಸ್ಟ್ 25ರಂದು ಪ್ರಜಾಪ್ರತಿನಿಧಿ ಸಭೆಯನ್ನು ಕರೆಯುವ ಆಜ್ಞೆ ಹೊರಟಿತು. ಪ್ರತಿ ತಾಲ್ಲೂಕಿನಿಂದ ಉಳುಮೆಯ ಭೂಮಿಯುಳ್ಳ ಒಬ್ಬಿಬ್ಬರು, ಪ್ರತಿ ಜಿಲ್ಲೆಯಿಂದ ಮೂರು ನಾಲ್ವರು ವರ್ತಕರು, ವರ್ಷಕ್ಕೊಮ್ಮೆ ದಸರಾ ಕಾಲದಲ್ಲಿ ಮೈಸೂರಿಗೆ ಬರತಕ್ಕದ್ದು. ಕಳೆದ ವರ್ಷದ ಆಡಳಿತದ ವರದಿಯನ್ನೂ ಮುಂದಿನ ವರ್ಷದ ಉದ್ದೇಶಗಳನ್ನೂ ಕೇಳತಕ್ಕದ್ದು. ತಮ್ಮ ಊರುಗಳ ಕುಂದುಕೊರತೆಗಳನ್ನು ಹೇಳತಕ್ಕದ್ದು. ಅಕ್ಟೋಬರ್ 7ರಂದು ಮೊದಲ ಸಭೆಗೆ 144 ಮಂದಿ ನೆರೆದರು. ಹಿಂದೆ ದಸರೆಗೆ ಬಂದ ರೈತನು ದೀಪಗಳನ್ನೂ ಮೆರವಣಿಗೆಯನ್ನೂ ನೋಡಿ ಊರಿಗೆ ಮರಳುತ್ತಿದ್ದನು. ಆ ವರ್ಷ ಅವನ ಸೀಮೆಯವನೊಬ್ಬನು ದಿವಾನರ ಬಾಯಿಂದ ಆದಾಯವೆಚ್ಚಗಳನ್ನು ಕೇಳಿ ಬಂದನು. ಕೂಟ ಕಟ್ಟಿ ದಂಗೆಯೆದ್ದ ರೈತರ ಮಕ್ಕಳೂ ಮೊಮ್ಮಕ್ಕಳೂ ಇದ್ದ ನಾಡಿನಲ್ಲಿ ಸರ್ಕಾರವೇ ರೈತರ ಕೂಟವನ್ನು ಕರೆದುದು ಸಾಮಾನ್ಯ ಸಂಗತಿಯಲ್ಲ.

ಈ ಸಭೆಗಿದ್ದ ಮಿತಿಗಳನ್ನು ಮರೆಮಾಚಬೇಕಾದುದಿಲ್ಲ. ಸದಸ್ಯರನ್ನು ಜನರು ಚುನಾಯಿಸಿದವರಲ್ಲ. ಕಾನೂನು ಮಾಡುವ ಅಧಿಕಾರವೂ ತೆರಿಗೆಯನ್ನು ತಡೆಯುವ ಅಧಿಕಾರವೂ ಅವರಿಗಿರಲಿಲ್ಲ. ಬಡ ಗೇಣಿದಾರನಿಗೂ ಕೂಲಿಕಾರನಿಗೂ ಸ್ತ್ರೀಯರಿಗೂ ಅಲ್ಲಿ ಸ್ಥಾನವಿರಲಿಲ್ಲ. ವೆಚ್ಚವನ್ನು ತಗ್ಗಿಸುವುದಕ್ಕಾಗಿ ಎಂಟು ಜಿಲ್ಲೆಗಳನ್ನು ಆರಕ್ಕಿಳಿಸಿದ ದಿವಾನರ ಕ್ರಮದಿಂದ ಹಾಸನ, ಚಿತ್ರದುರ್ಗಗಳ ಜನರಿಗೆ ಜಿಲ್ಲಾ ಕಚೇರಿ ದೂರವಾಯಿತು. ಮುಂದೆ ಆ ಜಿಲ್ಲೆಗಳನ್ನು ಮತ್ತೆ ಸ್ಥಾಪಿಸಬೇಕಾಯಿತು. ಆದರೂ ಕೇಳಿದ ಪ್ರಶ್ನೆಗೆ ಸರ್ಕಾರವು ಉತ್ತರ ಹೇಳಬೇಕೆಂಬ ಒಂದು ರೂಢಿ ಬೇರೂರಿತು. ಅಧಿಕಾರವನ್ನು ಬೇಡುವ ಧೈರ್ಯ ಪ್ರಜೆಗಳಿಗೆ ಬಂದುದು ಆ ರೂಢಿಯಿಂದಲೇ.

1882ರಲ್ಲಿ ಬೆಂಗಳೂರಿನಿಂದ ರೈಲುಮಾರ್ಗವು ಮೈಸೂರನ್ನು ಮುಟ್ಟಿತು. ಆ ವರ್ಷದ ದಸರಾ ಸಭೆಯೇ ರಂಗಾಚಾರ್ಲುರವರು ನಡೆಸಿದ ಕೊನೆಯ ಸಭೆ. ದೇಹಸ್ಥಿತಿ ಕೆಟ್ಟು, 1883ನೆಯ ಜನವರಿ 20ರಂದು ಮದರಾಸಿನಲ್ಲಿ ಅವರು ಕಾಲವಶರಾದರು. ದಿವಾನಗಿರಿಯು ಎರಡು ವರ್ಷವೂ ತುಂಬಿರಲಿಲ್ಲ. ಮೈಸೂರಿನ ಪುರಭವನಕ್ಕೆ ಅವರ ಹೆಸರನ್ನಿಟ್ಟು ಜನರು ಕೃತಜ್ಞತೆಯನ್ನು ಸಲ್ಲಿಸಿದರು.

ಅವರು ನೆಟ್ಟ ಸಸಿ ಬೆಳೆಯಿತು. ಶೇಷಾದ್ರಿ ಅಯ್ಯರವರ ಕಾಲದಲ್ಲಿ, 1891ರಲ್ಲಿ, ಸದಸ್ಯರ ಚುನಾವಣೆ ಆರಂಭವಾಯಿತು. 1923ರಲ್ಲಿ ಸಭೆಗೆ ಶಾಸನದ ಆಧಾರ ದೊರೆಯಿತು. 1949ರಲ್ಲಿ ಹೊಸ ರಾಜ್ಯವ್ಯವಸ್ಥೆಗೆ ಎಡೆಮಾಡಿಕೊಟ್ಟು ಅದು ಮುಕ್ತಾಯವಾಯಿತು. 1993ರ ಬಳಿಕ ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯತಿಗಳಿಗೆ ಸಂವಿಧಾನದ ಆಸರೆಯೇ ಬಂದಿತು. ಆ ಹಳೆಯ ಕಲ್ಲುಗಳು ಹೋಗಿ ಬಂದ ನಜರ್‌ಬಾದಿನಲ್ಲಿ ಮಿನಿ ವಿಧಾನಸೌಧವು ಎದ್ದು, ಮೈಸೂರು ತಾಲ್ಲೂಕಿನ ರೈತರು ಪಹಣಿ, ಖಾತೆಗಳಿಗಾಗಿ ಅದರ ಮೆಟ್ಟಿಲನ್ನು ಹತ್ತುವಂತಾಯಿತು. ಕಿಟಕಿಯ ಈಚೆ ನಿಂತವನಿಗೆ ಆಚೆ ಕುಳಿತವನು ನೇರವಾದ ಉತ್ತರವನ್ನು ಕೊಟ್ಟ ದಿನ ರಂಗಾಚಾರ್ಲುರವರ ಕಾರ್ಯವು ಮುಂದುವರಿಯಿತೆಂದೇ ತಿಳಿಯಬೇಕು. ಕೊಡದ ದಿನ ಅದು ಅಲ್ಲಿಯೇ ನಿಂತಿತೆಂದು ತಿಳಿಯಬೇಕು. ಲೆಕ್ಕವೊಪ್ಪಿಸುವವನನ್ನು ಮಾತ್ರ ಜನ ನಂಬುತ್ತಾರೆಂಬುದೇ ಆ ಮಹನೀಯರ ಜೀವನದ ಸಾರ.