ಕೊಳ್ಳುವ ಬದಲು ಕಟ್ಟಿಸಿದ ಭಾಭಾ

ಹೋಮಿ ಭಾಭಾ ಎಂದರೆ ನಮಗೆಲ್ಲ ಮೊದಲು ನೆನಪಾಗುವುದು ಅಣುಶಕ್ತಿ. ಮುಂಬಯಿ ಕನ್ನಡಿಗರಲ್ಲಿ ಟ್ರಾಂಬೆಯ ಬಿಎಆರ್‌ಸಿಯಲ್ಲಿ ದುಡಿದು ನಿವೃತ್ತರಾದ ಒಬ್ಬರಾದರೂ ನೆಂಟರೋ ಪರಿಚಯದವರೋ ಇಲ್ಲದ ಮನೆ ಕಡಿಮೆ. ಆದರೆ ಐಟಿ ಕೆಲಸ ಹಿಡಿದು ಪೊವಾಯಿ, ಐರೋಲಿ, ಗೋರೆಗಾಂವ್ ಕಡೆ ಬದುಕು ಕಟ್ಟಿಕೊಂಡ ನಮ್ಮಂಥವರಿಗೆ ಭಾಭಾ ಇನ್ನೊಂದು ಕಾರಣಕ್ಕೂ ಹಿರಿಯರು. ಭಾರತೀಯರೇ ವಿನ್ಯಾಸ ಮಾಡಿ, ಭಾರತೀಯರೇ ಬೆಸುಗೆ ಹಾಕಿ ಎಬ್ಬಿಸಿದ ಮೊದಲ ಪೂರ್ಣ ಪ್ರಮಾಣದ ಕಂಪ್ಯೂಟರ್ ಹುಟ್ಟಿದ್ದು ಇದೇ ಮುಂಬಯಿಯಲ್ಲಿ, ಅವರು ಕಟ್ಟಿದ ಸಂಸ್ಥೆಯಲ್ಲಿ, ಅವರ ಬೆಂಬಲದಿಂದ. ಅವರ ಬದುಕಿನ ಈ ಪುಟವನ್ನು ನಾವು ಹೆಚ್ಚು ಓದುವುದಿಲ್ಲ.

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬಯಿಯ ಶ್ರೀಮಂತ ಪಾರ್ಸಿ ಮನೆತನದಲ್ಲಿ. ಆದರೆ ಆ ಮನೆಯ ಬೇರು ಅರ್ಧ ನಮ್ಮ ಕಡೆಯದು. ಅಜ್ಜ ಹೋರ್ಮಸ್‌ಜಿ ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದವರು. ತಂದೆ ಜಹಾಂಗೀರ್ ಬೆಳೆದದ್ದು ಬೆಂಗಳೂರಿನಲ್ಲಿ. ಇಂಗ್ಲೆಂಡಿನಲ್ಲಿ ಕಾನೂನು ಓದಿ ಬಂದು ಮೈಸೂರು ಸಂಸ್ಥಾನದ ನ್ಯಾಯಾಂಗ ಸೇವೆ ಸೇರಿ, ಮದುವೆಯ ನಂತರ ಮುಂಬಯಿಗೆ ಬಂದು ನೆಲೆಸಿದರು. ಸೋದರತ್ತೆ ಮೆಹರ್‌ಬಾಯಿ ಜಮ್ಷೆಡ್‌ಜಿ ಟಾಟಾ ಅವರ ಹಿರಿಯ ಮಗ ದೊರಾಬ್‌ಜಿಯವರ ಕೈಹಿಡಿದರು. ಬೆಂಗಳೂರಿನಿಂದ ಮುಂಬಯಿಗೆ ವಲಸೆ ಬಂದ ಕುಟುಂಬ ಎಂದು ನಾವು ನಮ್ಮ ಬಗ್ಗೆ ಹೇಳಿಕೊಳ್ಳುವ ಮಾತು ಅವರ ಮನೆಗೂ ಒಪ್ಪುತ್ತದೆ.

ಕೆಥೆಡ್ರಲ್ ಶಾಲೆ, ಎಲ್ಫಿನ್‌ಸ್ಟನ್ ಕಾಲೇಜು, ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಮುಗಿಸಿದ ಹುಡುಗ 1927ರಲ್ಲಿ ಕೇಂಬ್ರಿಜ್‌ಗೆ ಹೋದ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಬಂದು ಜಮ್ಷೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಲಿ ಎಂಬುದು ಮನೆಯವರ ಲೆಕ್ಕಾಚಾರ. ಮಗನ ಮನಸ್ಸು ಮಾತ್ರ ಭೌತಶಾಸ್ತ್ರದ ಕಡೆ ವಾಲಿತ್ತು. ಎಂಜಿನಿಯರಿಂಗನ್ನು ಮೊದಲ ದರ್ಜೆಯಲ್ಲಿ ಮುಗಿಸಿದರೆ ಆಮೇಲೆ ಗಣಿತ ಓದಲು ಹಣ ಕೊಡುತ್ತೇನೆ ಎಂದು ತಂದೆ ಒಪ್ಪಂದಕ್ಕೆ ಬಂದರು. 1930ರಲ್ಲಿ ಮಗ ಮಾತು ಉಳಿಸಿಕೊಂಡ. ಎಂಜಿನಿಯರಿಂಗ್ ಸೀಟು ಅಪ್ಪನಿಗಾಗಿ, ಉಳಿದದ್ದು ತನಗಾಗಿ ಎಂಬ ಈ ಹಂಚಿಕೆ ನಮ್ಮಲ್ಲಿ ಅನೇಕರಿಗೆ ಹೊಸದಲ್ಲ. ಆದರೆ ಭಾಭಾಗೆ ಆ ಎಂಜಿನಿಯರಿಂಗ್ ವ್ಯರ್ಥವಾಗಲಿಲ್ಲ. ಸಮೀಕರಣ ಬರೆಯಬಲ್ಲ ಮನುಷ್ಯನಿಗೆ ಯಂತ್ರ ಹೇಗೆ ಏಳುತ್ತದೆ ಎನ್ನುವುದೂ ತಿಳಿದಿತ್ತು.

ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಒಂದಕ್ಕೊಂದು ತಾಗಿ ಚದುರುವ ಬಗೆಗೆ ಇಂದಿಗೂ ಭಾಭಾ ಚದುರಿಕೆ ಎಂದೇ ಹೆಸರು. 1937ರಲ್ಲಿ ಹೈಟ್ಲರ್ ಜೊತೆಗೂಡಿ, ವಿಶ್ವಕಿರಣಗಳು ವಾತಾವರಣದಲ್ಲಿ ಕಣಗಳ ಸುರಿಮಳೆಯನ್ನು ಹುಟ್ಟಿಸುವ ಬಗೆಯನ್ನು ವಿವರಿಸಿದರು. 1939ರಲ್ಲಿ ರಜೆಗೆಂದು ಊರಿಗೆ ಬಂದಾಗ ಯುರೋಪಿನಲ್ಲಿ ಮಹಾಯುದ್ಧ ಶುರುವಾಯಿತು. ವಾಪಸು ಹೋಗುವ ದಾರಿ ಮುಚ್ಚಿತು.

ಆಗ ಅವರು ಬಂದದ್ದು ಬೆಂಗಳೂರಿಗೆ. ಸರ್ ಸಿ.ವಿ. ರಾಮನ್ ಭೌತಶಾಸ್ತ್ರ ವಿಭಾಗ ನಡೆಸುತ್ತಿದ್ದ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೀಡರ್ ಆದರು. ವಿಶ್ವಕಿರಣ ಸಂಶೋಧನೆಗೆ ಒಂದು ಘಟಕ ತೆರೆದರು. ವಿಕ್ರಮ್ ಸಾರಾಭಾಯಿ ಕೂಡ ಅದೇ ಕಾಲದಲ್ಲಿ ಅಲ್ಲಿದ್ದರು. ಭಾಭಾ 1941ರಲ್ಲಿ, ಇನ್ನೂ 31ರ ವಯಸ್ಸಿನಲ್ಲಿ, ರಾಯಲ್ ಸೊಸೈಟಿಯ ಫೆಲೊ ಆದರು. ಯುದ್ಧ ಮುಗಿದರೆ ಕೇಂಬ್ರಿಜ್‌ಗೆ ಮರಳುವ ಆಸೆ ಅವರಿಗಿತ್ತು. ಬೆಂಗಳೂರಿನ ಐದಾರು ವರ್ಷಗಳಲ್ಲಿ ಆ ಆಸೆ ಬದಲಾಯಿತು. ಒಳ್ಳೆಯ ಕೆಲಸಕ್ಕೆ ಅವಕಾಶ ಸಿಕ್ಕರೆ ಇಲ್ಲೇ ಇರುವುದು ತನ್ನ ಕರ್ತವ್ಯ ಎಂಬ ತೀರ್ಮಾನಕ್ಕೆ ಬಂದರು.

1944ರ ಮಾರ್ಚ್ 12ರಂದು ದೊರಾಬ್‌ಜಿ ಟಾಟಾ ಟ್ರಸ್ಟ್‌ನ ಸೊರಾಬ್ ಸಕ್ಲಾತ್‌ವಾಲಾ ಅವರಿಗೆ ಒಂದು ಪತ್ರ ಬರೆದರು. ಮೂಲಭೂತ ಭೌತಶಾಸ್ತ್ರಕ್ಕೆ ಒಂದು ಶಾಲೆ ಬೇಕು. ಇನ್ನು ಇಪ್ಪತ್ತು ವರ್ಷಗಳಲ್ಲಿ ಅಣುಶಕ್ತಿಯಿಂದ ವಿದ್ಯುತ್ ತೆಗೆಯುವ ಕಾಲ ಬಂದಾಗ ಭಾರತ ತಜ್ಞರಿಗಾಗಿ ಪರದೇಶದ ಬಾಗಿಲು ತಟ್ಟಬಾರದು, ಮನೆಯಲ್ಲೇ ಸಿಗಬೇಕು ಎಂಬುದು ಅದರ ಸಾರ. ಜಗತ್ತಿಗೆ ಹಿರೋಷಿಮಾ ಎಂಬ ಹೆಸರೇ ಪರಿಚಯವಿಲ್ಲದ ದಿನಗಳಲ್ಲಿ ಬರೆದ ಪತ್ರ ಅದು. 1945ರ ಜೂನ್‌ನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್, ಬೆಂಗಳೂರಿನಲ್ಲೇ ಶುರುವಾಯಿತು. ಡಿಸೆಂಬರ್ ಹೊತ್ತಿಗೆ ಮುಂಬಯಿಯ ಪೆಡ್ಡರ್ ರೋಡ್‌ನ ಕೆನಿಲ್‌ವರ್ತ್ ಬಂಗಲೆಗೆ ಬಂತು. 1949ರಲ್ಲಿ ಗೇಟ್‌ವೇ ಬಳಿಯ ಹಳೇ ಯಾಟ್ ಕ್ಲಬ್‌ಗೆ ಜಾಗ ಬದಲಿಸಿತು. ಅದೇ ವರ್ಷ ಲಂಡನ್ನಿನಲ್ಲಿ ಓದು ಮುಗಿಸಿದ ತುಮಕೂರು ಜಿಲ್ಲೆಯ ಯುವಕ ರಾಜಾ ರಾಮಣ್ಣ ಇಲ್ಲಿಗೆ ಸೇರಿದರು.

ಈಗ ಕಂಪ್ಯೂಟರಿನ ವಿಷಯಕ್ಕೆ ಬರೋಣ. ವಿಶ್ವಕಿರಣದ ಕಣಗಳನ್ನು ಎಣಿಸಬೇಕಾದರೆ ಎಣಿಕೆಯ ಸರ್ಕ್ಯೂಟು ಬೇಕು. ಆ ಕಾಲದಲ್ಲಿ ಅದು ವಾಲ್ವ್‌ಗಳಿಂದ ಆಗುತ್ತಿತ್ತು. ಅಜ್ಜನ ಮನೆಯ ಹಳೇ ರೇಡಿಯೊ ಬಿಚ್ಚಿ ನೋಡಿದವರಿಗೆ ಗೊತ್ತು, ಕೆಂಪಗೆ ಕಾಯುವ ಆ ಗಾಜಿನ ಬುರುಡೆಗಳು. ಸಂಸ್ಥೆಯ ಎಲೆಕ್ಟ್ರಾನಿಕ್ಸ್ ಮಂದಿ ಇಂಥ ಉಪಕರಣಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಬೇಕಾದ ಉಪಕರಣವನ್ನು ಆದಷ್ಟು ಇಲ್ಲೇ ಮಾಡಬೇಕು ಎಂಬುದು ಭಾಭಾ ಅವರ ನಿಲುವಾಗಿತ್ತು. ಎಣಿಸುವ ಯಂತ್ರದಿಂದ ಲೆಕ್ಕ ಮಾಡುವ ಯಂತ್ರಕ್ಕೆ ಹೆಜ್ಜೆ ಇಡುವುದು ಅಷ್ಟು ದೂರದ ಮಾತಾಗಿರಲಿಲ್ಲ.

ಅಮೆರಿಕದಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದ ಆರ್. ನರಸಿಂಹನ್ 1954ರಲ್ಲಿ ಟಿಐಎಫ್‌ಆರ್ ಸೇರಿದರು. ಅವರ ಕೈಕೆಳಗೆ ಹುಡುಗರ ಒಂದು ಗುಂಪು. ಕಂಪ್ಯೂಟರ್ ಕಟ್ಟಿದ ಅನುಭವ ಆ ಗುಂಪಿಗೆ ಇರಲಿಲ್ಲ. ಮೊದಲು ಒಂದು ಪ್ರಾಯೋಗಿಕ ಯಂತ್ರ ಮಾಡಿ ಕೈ ಪಳಗಿಸಿಕೊಳ್ಳೋಣ ಎಂದು ಹೊರಟರು. 1956ರ ಕೊನೆಯ ಹೊತ್ತಿಗೆ ಅದು ನಡೆಯತೊಡಗಿತು. 12 ಬಿಟ್‌ನ 256 ಪದಗಳ ನೆನಪಿನ ಶಕ್ತಿ ಅದಕ್ಕೆ. ನಮ್ಮ ಲೆಕ್ಕದಲ್ಲಿ 384 ಬೈಟ್. ಯೂನಿಕೋಡ್‌ನ ಸಾಮಾನ್ಯ ರೂಪದಲ್ಲಿ ಒಂದೊಂದು ಕನ್ನಡ ಅಕ್ಷರ ಚಿಹ್ನೆಗೂ 3 ಬೈಟ್ ಬೇಕು. ಅಂದರೆ ಈ ಪ್ಯಾರಾದ ಮೊದಲ ಎರಡು ಮೂರು ವಾಕ್ಯ ತುಂಬಿಸಿದರೆ ಆ ಯಂತ್ರದ ಹೊಟ್ಟೆ ತುಂಬುತ್ತಿತ್ತು.

ಮುಂದಿನದು ದೊಡ್ಡ ಯಂತ್ರ. ಪ್ರಿನ್ಸ್‌ಟನ್ನಿನಲ್ಲಿ ಫಾನ್ ನಾಯ್ಮನ್ ಗುಂಪು ಕಟ್ಟಿದ ಯಂತ್ರದ ಮಾದರಿಯಲ್ಲಿ 40 ಬಿಟ್‌ನ ಪದ, ಅಂಥ 2,048 ಪದಗಳ ನೆನಪು. ಒಟ್ಟು 10 ಕೆಬಿ. ಒಳಗೆ ಸುಮಾರು 2,700 ವಾಲ್ವ್, 1,700 ಜರ್ಮೇನಿಯಂ ಡಯೋಡ್, 12,500 ರೆಸಿಸ್ಟರ್. ರೆಸಿಸ್ಟರುಗಳಿಗೇ 25,000 ಬೆಸುಗೆ ಎಂದಾಯಿತು. ನೆನಪಿನ ಭಾಗವೆಂದರೆ ತಂತಿಯ ಜಾಲರಿಗೆ ಪೋಣಿಸಿದ ಪುಟ್ಟ ಪುಟ್ಟ ಫೆರೈಟ್ ಬಳೆಗಳು. ಒಂದು ದಿಕ್ಕಿಗೆ ಅಯಸ್ಕಾಂತವಾದರೆ ಸೊನ್ನೆ, ಇನ್ನೊಂದು ದಿಕ್ಕಿಗಾದರೆ ಒಂದು. ಓದಿದ ಕೂಡಲೇ ಬಳೆಯಲ್ಲಿದ್ದ ಮಾಹಿತಿ ಅಳಿಸಿಹೋಗುವುದರಿಂದ, ಪ್ರತಿ ಸಲ ಓದಿ ಮತ್ತೆ ಅಲ್ಲೇ ಬರೆದಿಡಬೇಕು.

ಇಂಥ ಯಂತ್ರದ ರಿಪೇರಿ ಹೇಗಿದ್ದಿರಬಹುದು? ಒಂದು ವಾಲ್ವ್ ಸರಾಸರಿ 5,000 ಗಂಟೆ ಬಾಳುತ್ತದೆ ಎಂದಿಟ್ಟುಕೊಳ್ಳಿ. 2,700 ವಾಲ್ವ್ ಇದ್ದರೆ ಸರಿಸುಮಾರು ಎರಡು ಗಂಟೆಗೊಂದು ಕೈಕೊಡಬೇಕು. ಅದಕ್ಕೇ ವಾಲ್ವ್‌ಗಳಿಗೆ ಪೂರ್ತಿ ಶಕ್ತಿ ಕೊಡದೆ ಮೆಲ್ಲಗೆ ದುಡಿಸಿ ಆಯುಸ್ಸು ಹೆಚ್ಚಿಸುವುದು, ಬೇಕೆಂದೇ ವೋಲ್ಟೇಜ್ ಏರುಪೇರು ಮಾಡಿ ದುರ್ಬಲವಾದದ್ದನ್ನು ಕೆಲಸದ ಹೊತ್ತಿಗೆ ಮೊದಲೇ ಹಿಡಿದುಹಾಕುವುದು, ಇವೆಲ್ಲ ಆ ಕಾಲದ ಕಂಪ್ಯೂಟರ್ ಮಂದಿ ಕಂಡುಕೊಂಡ ಉಪಾಯಗಳು. ಪೂರ್ತಿ ಸತ್ತ ವಾಲ್ವ್ ಸುಲಭದ ಶತ್ರು, ಕಣ್ಣಿಗೆ ಬೀಳುತ್ತದೆ. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದಾಗ ತಪ್ಪುವ ಒಂದು ಡ್ರೈ ಸಾಲ್ಡರ್ ಇದೆಯಲ್ಲ, ಅದು ದಿನಗಟ್ಟಲೆ ನಿದ್ದೆಗೆಡಿಸುತ್ತದೆ. ಲೆಕ್ಕ ತಪ್ಪು ಬಂದರೆ ತಪ್ಪು ಪ್ರೋಗ್ರಾಮಿನದೋ ಯಂತ್ರದ್ದೋ ಎಂಬ ಜಗಳ ಬೇರೆ. ಪ್ರೋಗ್ರಾಂ ಎಂದರೂ ಸೊನ್ನೆ ಒಂದುಗಳ ಯಂತ್ರಭಾಷೆ, ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ತಿನ್ನಿಸಬೇಕು.

ಇದನ್ನು ಬರೆಯುವಾಗ ನನ್ನದೇ ಲ್ಯಾಪ್‌ಟಾಪ್ ಕೆಟ್ಟದ್ದು ನೆನಪಾಯಿತು. ಮಳೆಗಾಲದಲ್ಲಿ ಒಂದು ದಿನ ಚಾರ್ಜ್ ಆಗುವುದು ನಿಂತಿತು. ಸರ್ವಿಸ್ ಸೆಂಟರಿನವರು ಹತ್ತು ದಿನ ಇಟ್ಟುಕೊಂಡು, ಮದರ್‌ಬೋರ್ಡ್ ಪೂರ್ತಿ ಬದಲಿಸಬೇಕು ಎಂದು ಹೊಸ ಲ್ಯಾಪ್‌ಟಾಪಿನ ಅರ್ಧ ಬೆಲೆ ಹೇಳಿದರು. ಯಾವ ಭಾಗ ಕೆಟ್ಟಿದೆ ಎಂದು ಕೇಳಿದರೆ ಉತ್ತರವಿಲ್ಲ. ಕೊನೆಗೆ ಲ್ಯಾಮಿಂಗ್ಟನ್ ರೋಡ್‌ನ ಇಕ್ಕಟ್ಟಾದ ಅಂಗಡಿಯೊಂದರಲ್ಲಿ ಒಬ್ಬ ಹುಡುಗ ಮೀಟರ್ ಹಿಡಿದು ಬೋರ್ಡಿನ ಮೇಲೆ ಅರ್ಧ ಗಂಟೆ ಹುಡುಕಿ, ಶಾರ್ಟ್ ಆಗಿದ್ದ ಒಂದು ಕೆಪಾಸಿಟರ್ ತೆಗೆದು ಬೇರೆ ಹಾಕಿಕೊಟ್ಟ. ಎಂಟೆಕ್ ಮಾಡಿದ ನನಗೆ ಆ ಸರ್ಕ್ಯೂಟಿನ ಸಮೀಕರಣ ಬರುತ್ತದೆ. ಆ ಬೋರ್ಡು ಎಲ್ಲಿ ಯಾಕೆ ಕೆಡುತ್ತದೆ ಎಂಬುದು ಅವನಿಗೆ ಗೊತ್ತು. ಈ ಎರಡೂ ಒಂದೇ ಕಡೆ ಇರಬೇಕು ಎಂಬುದು ಭಾಭಾ ಅವರ ಹಟವಾಗಿತ್ತು.

ಆ ಹಟಕ್ಕೆ ಬೆಲೆಯೂ ಇತ್ತು. ದೊಡ್ಡ ಯಂತ್ರ 1960ರ ಆರಂಭದಲ್ಲಿ ಕೆಲಸಕ್ಕೆ ನಿಂತಾಗ ಜಗತ್ತು ವಾಲ್ವ್ ಬಿಟ್ಟು ಟ್ರಾನ್ಸಿಸ್ಟರಿಗೆ ಹೊರಳುತ್ತಿತ್ತು. ಕಲ್ಕತ್ತೆಯಲ್ಲಿ ಮಹಾಲನೋಬಿಸ್ ಅವರ ಸಂಖ್ಯಾಶಾಸ್ತ್ರ ಸಂಸ್ಥೆ 1950ರ ದಶಕದಲ್ಲೇ ಬ್ರಿಟನ್ನಿನಿಂದ ಒಂದು, ಸೋವಿಯತ್ ಒಕ್ಕೂಟದಿಂದ ಇನ್ನೊಂದು ಕಂಪ್ಯೂಟರ್ ತರಿಸಿಕೊಂಡಿತ್ತು. ಹಾಗಿರುವಾಗ ಐದಾರು ವರ್ಷ ಕೂತು ಹಳೆಯದಾಗುವ ಯಂತ್ರವನ್ನು ಕಟ್ಟಬೇಕಿತ್ತೇ? ನಮ್ಮ ಆಫೀಸುಗಳಲ್ಲಿ ಇವತ್ತೂ ಪ್ರತಿ ಪ್ರಾಜೆಕ್ಟಿನಲ್ಲೂ ಏಳುವ ಪ್ರಶ್ನೆ ಇದೇ: ಕೊಳ್ಳುವುದೋ, ಕಟ್ಟುವುದೋ?

ಭಾಭಾ ಎರಡನ್ನೂ ಮಾಡಿದರು, ಆದರೆ ಸರದಿ ನೋಡಿ. ಮೊದಲು ಕಟ್ಟಿಸಿದರು, ಆಮೇಲೆ ಕೊಂಡರು. 1962ರ ಜನವರಿಯಲ್ಲಿ ಕೊಲಾಬಾದ ಕಡಲಂಚಿನ ಹೊಸ ಕಟ್ಟಡ ಉದ್ಘಾಟಿಸಲು ಬಂದ ನೆಹರೂ ಆ ಯಂತ್ರಕ್ಕೆ ಟಿಫ್ರ್ಯಾಕ್ ಎಂದು ಹೆಸರಿಟ್ಟರು. 1964ರಲ್ಲಿ ಅಮೆರಿಕದ ಸಿಡಿಸಿ 3600 ಎಂಬ ದೈತ್ಯ ಟ್ರಾನ್ಸಿಸ್ಟರ್ ಯಂತ್ರ ಬಂದಿಳಿದಾಗ, ಅದನ್ನು ನೋಡಿ ಕೈಮುಗಿದು ನಿಲ್ಲುವವರು ಅಲ್ಲಿರಲಿಲ್ಲ. ಕಂಪ್ಯೂಟರಿನ ಹೊಟ್ಟೆ ಬಗೆದು ನೋಡಿದ್ದವರು ಇದ್ದರು. ದೇಶದ ಬೇರೆ ಬೇರೆ ಸಂಸ್ಥೆಗಳು, ವಿಶ್ವವಿದ್ಯಾಲಯಗಳು ತಮ್ಮ ಲೆಕ್ಕಗಳನ್ನು ಹೊತ್ತು ಕೊಲಾಬಾಕ್ಕೆ ಬರತೊಡಗಿದವು. ನರಸಿಂಹನ್ ಮುಂದೆ ಭಾರತೀಯ ಕಂಪ್ಯೂಟರ್ ಸೊಸೈಟಿಯ ಮೊದಲ ಅಧ್ಯಕ್ಷರಾದರು.

ಭಾಭಾ ಸುಲಭದ ಮನುಷ್ಯರೇನೂ ಆಗಿರಲಿಲ್ಲ. ಹಣ, ಪ್ರತಿಭೆ ಎರಡನ್ನೂ ದೊಡ್ಡ ಸಂಸ್ಥೆಗಳೇ ಸೆಳೆದುಕೊಂಡರೆ ವಿಶ್ವವಿದ್ಯಾಲಯಗಳು ಬಡವಾಗುತ್ತವೆ ಎಂದು ಮೇಘನಾದ ಸಹಾ ಅವರಂಥವರು ಆಕ್ಷೇಪಿಸಿದ್ದರು. ನಮ್ಮ ಜಿಲ್ಲಾ ಕೇಂದ್ರಗಳ ಕಾಲೇಜುಗಳ ಪ್ರಯೋಗಾಲಯ ನೋಡಿದವರಿಗೆ ಆ ಮಾತನ್ನು ತಳ್ಳಿಹಾಕುವುದು ಕಷ್ಟ. ಅಣುಶಕ್ತಿಗಿಂತ ಸೌರಶಕ್ತಿ ಈ ದೇಶಕ್ಕೆ ಒಳ್ಳೆಯದು ಎಂದು ವಾದಿಸುತ್ತಿದ್ದ ಗಣಿತಜ್ಞ, ಇತಿಹಾಸಕಾರ ಡಿ.ಡಿ. ಕೊಸಾಂಬಿ ಅವರ ಒಪ್ಪಂದ 1962ರಲ್ಲಿ ನವೀಕರಣವಾಗಲಿಲ್ಲ. ಅದೇ ಭಾಭಾ ಚಿತ್ರ ಬಿಡಿಸುತ್ತಿದ್ದರು, ಪಾಶ್ಚಾತ್ಯ ಸಂಗೀತದಲ್ಲಿ ಮುಳುಗುತ್ತಿದ್ದರು, ಸಂಸ್ಥೆಯ ಗೋಡೆಗಳಿಗೆ ಹುಸೇನ್ ಮೊದಲಾದವರ ಕಲಾಕೃತಿಗಳನ್ನು ತರಿಸುತ್ತಿದ್ದರು. ಮದುವೆಯಾಗಲಿಲ್ಲ.

1962ರ ಚೀನಾ ಯುದ್ಧದ ಪೆಟ್ಟಿನ ನಂತರ, ಎಲೆಕ್ಟ್ರಾನಿಕ್ಸ್‌ನಲ್ಲಿ ದೇಶ ಎಲ್ಲಿದೆ, ಏನು ಮಾಡಬೇಕು ಎಂದು ನೋಡಲು 1963ರಲ್ಲಿ ಸರ್ಕಾರ ಒಂದು ಸಮಿತಿ ಮಾಡಿತು. ಅಧ್ಯಕ್ಷರು ಭಾಭಾ. ಜೊತೆಗೆ ಸಾರಾಭಾಯಿ, ಭಗವಂತಂ, ಎ.ಎಸ್. ರಾವ್. ಆ ವರದಿ ಹೊರಬರುವಾಗ ಅಧ್ಯಕ್ಷರೇ ಇರಲಿಲ್ಲ. 1966ರ ಜನವರಿ 24ರಂದು, ಇಂದಿರಾ ಗಾಂಧಿ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ ದಿನವೇ, ವಿಯೆನ್ನಾದ ಸಭೆಗೆ ಹೊರಟಿದ್ದ ಭಾಭಾ ಇದ್ದ ಏರ್ ಇಂಡಿಯಾ ವಿಮಾನ ಮಾಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿತು. ಒಳಗಿದ್ದ 117 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಭಾಭಾಗೆ ಆಗ 56 ವರ್ಷ. ಮರುವರ್ಷ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರಿಟ್ಟರು. ಅದೇ ವರ್ಷ ಹೈದರಾಬಾದಿನಲ್ಲಿ, ಎ.ಎಸ್. ರಾವ್ ಮುಂದಾಳತ್ವದಲ್ಲಿ ಇಸಿಐಎಲ್ ಹುಟ್ಟಿ, ಇಲ್ಲೇ ಕಂಪ್ಯೂಟರ್ ತಯಾರಿಸಿ ಮಾರುವ ಕೆಲಸಕ್ಕೆ ಇಳಿಯಿತು. ನಮ್ಮ ರಾಜಾ ರಾಮಣ್ಣ 1972ರಲ್ಲಿ ಬಿಎಆರ್‌ಸಿಯ ನಿರ್ದೇಶಕರಾದರು.

ಟಿಫ್ರ್ಯಾಕ್ 1960ರ ದಶಕದ ಮಧ್ಯದ ಹೊತ್ತಿಗೆ ನಿವೃತ್ತವಾಯಿತು. ಅದು ಕಲಿಸಿದ್ದು ಮಾತ್ರ ಆ ಸಂಸ್ಥೆಯ ಅಭ್ಯಾಸವಾಗಿ ಉಳಿಯಿತು. ಅದೇ ಟಿಐಎಫ್‌ಆರ್‌ನಲ್ಲಿ ದುಡಿದವರಲ್ಲಿ ಮಂಗಳೂರು ಕಡೆಯ ಕಿನ್ನಿಕಂಬಳದ ಕೆ.ಪಿ. ರಾವ್ ಒಬ್ಬರು. ಕನ್ನಡವನ್ನು ಕಂಪ್ಯೂಟರಿನಲ್ಲಿ ಹೇಗೆ ಬರೆಯಬೇಕು ಎಂಬುದಕ್ಕೆ ಬೇರೆಯವರು ದಾರಿ ತೋರಿಸಲಿ ಎಂದು ಅವರು ಕಾಯಲಿಲ್ಲ. ಇಂಗ್ಲಿಷ್ ಕೀಲಿಮಣೆಯಲ್ಲೇ ವ್ಯಂಜನ, ಸ್ವರಗಳನ್ನು ಒಂದಾದಮೇಲೊಂದು ಒತ್ತಿ ಗುಣಿತಾಕ್ಷರ ಮೂಡಿಸುವ ವಿನ್ಯಾಸ ರೂಪಿಸಿದರು, ಸೇಡಿಯಾಪು ಎಂಬ ತಂತ್ರಾಂಶವನ್ನೂ ಕೊಟ್ಟರು. ಮುಂದೆ ಸರ್ಕಾರ ಒಪ್ಪಿಕೊಂಡು ನುಡಿಯಲ್ಲಿ ಬಳಸಿದ್ದು ಅವರ ವಿನ್ಯಾಸವನ್ನೇ. ನೀವು ಪುಣೆಯಲ್ಲಿರಿ, ಹೈದರಾಬಾದಿನಲ್ಲಿರಿ, ದುಬೈನಲ್ಲಿರಿ, ಆ ವಿನ್ಯಾಸದಲ್ಲಿ ಊರಿಗೊಂದು ಕನ್ನಡ ಪತ್ರ ಟೈಪ್ ಮಾಡಿದಾಗಲೆಲ್ಲ ನಿಮ್ಮ ಬೆರಳಡಿ ಇರುವುದು ಆ ಕೆಲಸ. ಸಮಯವಿದ್ದಾಗ ಕೊಲಾಬಾದ ನೇವಿ ನಗರದ ಕೊನೆಯ ಸ್ಟಾಪಿಗೆ ಬಸ್ಸು ಹತ್ತಿ ಹೋಗಿ. ಭದ್ರತೆಯ ಗೇಟು ದಾಟಲು ಮೊದಲೇ ಅನುಮತಿ ಬೇಕು. ಹೊರಗಿನಿಂದ ನೋಡಿದರೂ ಭಾಭಾ ಕಟ್ಟಿಸಿದ ಆ ಕಟ್ಟಡ ಕಡಲಿಗೆ ಎದುರಾಗಿ ನಿಂತಿರುವುದು ಕಾಣುತ್ತದೆ.