ತೋಳು ಬಡವರದು, ಮಾತು ಯಾರದು? ಲಸಿಕೆ ತಂದ ಹಾಫ್‌ಕಿನ್ ಕತೆ

ಹರಿಹರದ ತುಂಗಭದ್ರೆ ಒಂದು ಕಾಲಕ್ಕೆ ಮೈಸೂರು ಸಂಸ್ಥಾನದ ಗಡಿ. ಹೊಳೆ ದಾಟಿದರೆ ಬಾಂಬೆ ಪ್ರೆಸಿಡೆನ್ಸಿ. 1889ಕ್ಕೆ ಬೆಂಗಳೂರಿನ ರೈಲು ಹರಿಹರಕ್ಕೆ ಬಂತು. ಹತ್ತಿ, ಕಾಳು, ಕೂಲಿ ಜನ ಎಲ್ಲ ದಾವಣಗೆರೆ ಮೇಲೆ ಇದೇ ದಾರಿಯಲ್ಲಿ ಓಡಾಡಿದರು. 1898ರಲ್ಲಿ ಪ್ಲೇಗ್ ಕೂಡ ರೈಲು ಹಿಡಿದೇ ಊರಿಂದೂರಿಗೆ ಹಬ್ಬಿತು. ಆ ವರ್ಷ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಒಂದು ಹೊಸ ಲಸಿಕೆ ಹಾಕಿಸಿಕೊಂಡರು. ಅದನ್ನು ತಯಾರಿಸಿದವನು ವಾಲ್ಡೆಮಾರ್ ಹಾಫ್‌ಕಿನ್. ಅವನು ಡಾಕ್ಟರ್ ಆಗಿರಲಿಲ್ಲ, ಪ್ರಾಣಿಶಾಸ್ತ್ರ ಓದಿದವನು.

1860ರಲ್ಲಿ ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ಹುಡುಗ. ಯಹೂದಿಗಳ ಮೇಲೆ ದಾಳಿ ನಡೆದಾಗ ಎದುರು ನಿಂತು ಜೈಲು ಕಂಡ. ಧರ್ಮ ಬದಲಿಸಿದರೆ ಪ್ರಾಧ್ಯಾಪಕನ ಹುದ್ದೆ ಸಿಗುತ್ತಿತ್ತು, ಅವನು ಒಪ್ಪಲಿಲ್ಲ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಸಿಕ್ಕಿದ್ದು ಲೈಬ್ರರಿಯ ಕೆಲಸ. ಬಿಡುವಿನಲ್ಲಿ ಲ್ಯಾಬಿಗೆ ಹೋಗಿ ಕಾಲರಾಕ್ಕೆ ಲಸಿಕೆ ಮಾಡಿ, 1892ರ ಜುಲೈನಲ್ಲಿ ಮೊದಲು ತನಗೇ ಚುಚ್ಚಿಕೊಂಡ.

1893ರಲ್ಲಿ ಭಾರತಕ್ಕೆ ಬಂದ. ಕಲ್ಕತ್ತಾದ ಬಸ್ತಿಗಳಲ್ಲಿ ಮೊದಮೊದಲು ಜನ ಹತ್ತಿರ ಸೇರಿಸಲಿಲ್ಲ. ಬಿಳಿಯ ಸರ್ಕಾರದ ಸೂಜಿ ಅಂದರೆ ಯಾರಿಗೆ ನಂಬಿಕೆ? ಆಗ ಅವನು ಚೌಧರಿ, ಘೋಷ್, ಚಟರ್ಜಿ, ದತ್ ಎಂಬ ಭಾರತೀಯ ಡಾಕ್ಟರುಗಳನ್ನು ಜೊತೆಗೆ ಸೇರಿಸಿಕೊಂಡ. ಬಸ್ತಿ ಜನರ ಎದುರಿಗೇ ಲಸಿಕೆ ಹಾಕಿಸಿಕೊಂಡು ತೋರಿಸಿದ. ನಿಧಾನಕ್ಕೆ ಸಾಲು ಬೆಳೆಯಿತು. ಲಸಿಕೆ ಪಡೆದವರನ್ನೂ ಅದೇ ಮನೆಗಳ ಪಡೆಯದವರನ್ನೂ ಹೋಲಿಸಿ ಲೆಕ್ಕ ಇಟ್ಟ. ಆಮೇಲೆ ಅಸ್ಸಾಮಿನ ಚಹಾ ತೋಟದ ಕೂಲಿಗಳು.

1896ರಲ್ಲಿ ಮುಂಬೈಗೆ ಪ್ಲೇಗ್ ಬಡಿಯಿತು. ಹಾಫ್‌ಕಿನ್ ಅಲ್ಲಿಗೆ ಹೋಗಿ ತಿಂಗಳುಗಳಲ್ಲೇ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮತ್ತೆ ತನ್ನ ಮೈಮೇಲೇ ಪರೀಕ್ಷಿಸಿದ. ಮುಂದಿನ ಪರೀಕ್ಷೆ ಬೈಕುಲ್ಲಾ ಜೈಲಿನಲ್ಲಿ. ಕೈದಿಗಳು ಸ್ವಯಂಪ್ರೇರಿತರಾಗಿ ಬಂದರು ಅಂತ ದಾಖಲೆ ಇದೆ. ಜೈಲಿನ ಗೋಡೆಯೊಳಗೆ ಬೇಡ ಅನ್ನೋ ಮಾತಿಗೆ ಎಷ್ಟು ಜಾಗ ಇದ್ದೀತು?

ಬರೋಡಾ ಹತ್ತಿರದ ಉಂಧೇರಾ ಹಳ್ಳಿಯಲ್ಲಿ 1898ರಲ್ಲಿ ನಡೆದದ್ದು ಇನ್ನೂ ಕಠಿಣ. ಪ್ರತಿ ಕುಟುಂಬದಲ್ಲೂ ಅರ್ಧ ಜನಕ್ಕೆ ಲಸಿಕೆ, ಉಳಿದವರಿಗೆ ಇಲ್ಲ. ಲಸಿಕೆ ಪಡೆದ 71 ಜನರಲ್ಲಿ 8 ಮಂದಿಗೆ ಪ್ಲೇಗ್ ಬಂತು, 3 ಮಂದಿ ಸತ್ತರು. ಪಡೆಯದ 64 ಜನರಲ್ಲಿ 27 ಮಂದಿಗೆ ಬಂತು, 26 ಮಂದಿ ಸತ್ತರು. ವಿಜ್ಞಾನಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿರಲಿಲ್ಲ. ಒಂದೇ ಮನೆಯಲ್ಲಿ ಯಾರು ಲಸಿಕೆಯ ಪಟ್ಟಿಗೆ, ಯಾರು ಹೊರಗೆ ಎಂದು ನಿರ್ಧರಿಸಿದವರು ಆ ಮನೆಯವರಲ್ಲ.

ಹುಬ್ಬಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡವರಲ್ಲಿ ರೈಲ್ವೆ ವರ್ಕ್‌ಶಾಪಿನ, ಮಿಲ್ಲಿನ ಕಾರ್ಮಿಕರೂ ಇದ್ದರು. ಆ ದಿನಗಳಲ್ಲಿ ಲಸಿಕೆಯ ಸರ್ಟಿಫಿಕೇಟ್ ಇದ್ದವರಿಗೆ ಕ್ವಾರಂಟೈನ್ ಕಾಟ ಕಡಿಮೆ. ಕೂಲಿ ತಪ್ಪಬಾರದು ಅನ್ನುವವನಿಗೆ ಇದಕ್ಕಿಂತ ದೊಡ್ಡ ಒತ್ತಡ ಬೇಕಾ? ಹಾಗಂತ ಲಸಿಕೆ ಜೀವ ಉಳಿಸಲಿಲ್ಲ ಅಂತಲ್ಲ. ಉಳಿಸಿತು. ಎರಡೂ ಒಟ್ಟಿಗೇ ನಿಜ.

1902ರಲ್ಲಿ ಪಂಜಾಬಿನ ಮುಲ್ಕೋವಾಲ್‌ನಲ್ಲಿ ಒಂದೇ ಬಾಟಲಿಯ ಲಸಿಕೆ ಪಡೆದ 107 ಜನರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ತಪ್ಪು ಹಾಫ್‌ಕಿನ್‌ನ ಲ್ಯಾಬಿನದು ಎಂದು ಸರ್ಕಾರ ಅವನನ್ನು ಹುದ್ದೆಯಿಂದ ಇಳಿಸಿತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಜಗಳ ಮಾಡಿದ ಮೇಲೆ 1907ರಲ್ಲಿ ಕಳಂಕ ಕಳೆಯಿತು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡ. ಮುಂಬೈನ ಲ್ಯಾಬಿಗೆ 1925ರಿಂದ ಅವನದೇ ಹೆಸರು. ಅವನ ಪರವಾಗಿ ಮಾತಾಡಲು ದೊಡ್ಡವರಿದ್ದರು. ಆ 19 ಹಳ್ಳಿಗರ ಹೆಸರು ಇವತ್ತು ಯಾರ ಬಾಯಲ್ಲೂ ಇಲ್ಲ.

ವೈದ್ಯಕೀಯ ಸಂಶೋಧನೆಯಲ್ಲಿ ದಲಿತರು, ಆದಿವಾಸಿಗಳು, ಮಹಿಳೆಯರು, ಹಳ್ಳಿಗರು ಸೇರಬೇಕು ಅಂತ ಈಗ ಎಲ್ಲರೂ ಹೇಳ್ತಾರೆ. ಸರಿ. ಆದರೆ ಬಡವರು ಪ್ರಯೋಗದ ಒಳಗೇ ಇದ್ದರು, ಬಸ್ತಿಯಲ್ಲಿ, ಜೈಲಿನಲ್ಲಿ, ತೋಟದಲ್ಲಿ. ಇಲ್ಲದೇ ಇದ್ದದ್ದು ಅವರ ಮಾತು. ಅದು ಹಳೆಯ ಕಾಲ ಅಂತ ಬಿಡೋ ಹಾಗೂ ಇಲ್ಲ. ಖಮ್ಮಂ ಜಿಲ್ಲೆಯಲ್ಲಿ 2009ರಲ್ಲಿ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆದಾಗ ಆದಿವಾಸಿ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ಎಷ್ಟೋ ಕಡೆ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್.

2019ರ ನಿಯಮಗಳ ಪ್ರಕಾರ, ಹೊಸ ಔಷಧಿ ಅಣುವಿನ ಪ್ರಯೋಗದಲ್ಲಿ ದುರ್ಬಲ ವರ್ಗದವರಿದ್ದರೆ ಒಪ್ಪಿಗೆಯನ್ನು ವಿಡಿಯೊ ಮಾಡಬೇಕು. ಒಳ್ಳೇದು. ಆದರೆ ಜಗಳೂರಿಂದ ಬಸ್ ಹತ್ತಿ ದಾವಣಗೆರೆಗೆ ಬರುವ ಕೂಲಿ ಹೆಂಗಸಿಗೆ ಪ್ರತಿ ತಪಾಸಣೆಗೂ ಒಂದು ದಿನದ ಕೂಲಿ ಹೋಗುತ್ತೆ. ಅದನ್ನು ತುಂಬಿಕೊಡದಿದ್ದರೆ ಅವಳು ಬರಲ್ಲ, ಪಟ್ಟಿಯಲ್ಲಿ ಉಳಿಯೋದು ಬರಲು ಆಗುವವರು ಮಾತ್ರ. ಫಾರ್ಮು ಅವಳ ಮಾತಿನಲ್ಲಿರಬೇಕು, ಬೇಡ ಅಂದರೂ ಚಿಕಿತ್ಸೆ ನಿಲ್ಲಲ್ಲ ಅಂತ ಯಾರಾದರೂ ಕೂತು ಹೇಳಬೇಕು. ನೈತಿಕ ಸಮಿತಿಯಲ್ಲಿ ಅವಳಂಥವರೊಬ್ಬರು ಕೂರಬೇಕು.

ವಿದ್ಯಾನಗರದ ಆಸುಪಾಸಿನಲ್ಲಿ ಮೆಡಿಕಲ್ ಓದುತ್ತಿರುವವರು, ಸಂಘಟನೆಯಲ್ಲಿರುವವರು ಇದನ್ನು ಇವತ್ತೇ ಶುರು ಮಾಡಬಹುದು. ದೇಶದ ಔಷಧಿ ಪ್ರಯೋಗಗಳ ನೋಂದಣಿ ಪಟ್ಟಿ, ಸಿಟಿಆರ್‌ಐ, 2007ರಿಂದ ಆನ್‌ಲೈನ್‌ನಲ್ಲಿ ಎಲ್ಲರಿಗೂ ತೆರೆದಿದೆ. ನಿಮ್ಮ ಊರಿನ ಹೆಸರು ಹಾಕಿ ಹುಡುಕಿ. ಅಲ್ಲಿ ಏನಾದರೂ ಸಿಕ್ಕರೆ, ಒಪ್ಪಿಗೆ ಪತ್ರ ಕನ್ನಡದಲ್ಲಿದೆಯಾ, ಬಸ್ ಚಾರ್ಜು ಯಾರು ಕೊಡ್ತಾರೆ ಅಂತ ಕೇಳಿ.