ನಮ್ಮೂರ ಕಲ್ಲುಗಳಿಗೆ ನಂಬರ್ ಕೊಟ್ಟ ರೈಸ್ ಸಾಹೇಬರು

ಬೇಲೂರು: ಚೆನ್ನಕೇಶವ ದೇವಸ್ಥಾನಕ್ಕೆ ಬಂದವರಿಗೆ ಗೈಡ್‌ಗಳು 1117ನೇ ಇಸವಿ ಅಂತ ಹೇಳ್ತಾರಲ್ಲ, ಆ ಲೆಕ್ಕ ಸಿಕ್ಕಿದ್ದು ಅಲ್ಲೇ ಇರುವ ಶಾಸನದಿಂದ. ಪುಸ್ತಕದಲ್ಲಿ ಅದರ ನಂಬರ್ ಬೇಲೂರು 58. ಆ ನಂಬರ್ ಕೊಟ್ಟವರು ಬಿ.ಎಲ್. ರೈಸ್.

ಹೆಸರು ಇಂಗ್ಲಿಷಿನವರದ್ದು, ಹುಟ್ಟಿದ್ದು ಮಾತ್ರ ಬೆಂಗಳೂರಿನಲ್ಲೇ, 1837ರ ಜುಲೈ 17ರಂದು. ತಂದೆ ಲಂಡನ್ ಮಿಷನ್ ಪಾದ್ರಿ. ಇಂಗ್ಲೆಂಡಿನಲ್ಲಿ ಓದು ಮುಗಿಸಿ ಬಂದ ರೈಸ್ 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಮುಂದೆ ಸೆಂಟ್ರಲ್ ಕಾಲೇಜು ಆದದ್ದು ಅದೇ ಶಾಲೆ. ಐದು ವರ್ಷದ ನಂತರ ಶಾಲೆಗಳ ಇನ್‌ಸ್ಪೆಕ್ಟರ್ ಕೆಲಸ ಸಿಕ್ಕಿತು. ಊರೂರು ತಿರುಗೋ ಕೆಲಸ. ಆ ತಿರುಗಾಟದಲ್ಲೇ ಅಕ್ಷರ ಕೆತ್ತಿದ ಕಲ್ಲುಗಳ ಹುಚ್ಚು ಹತ್ತಿತು.

ಮೇಜರ್ ಡಿಕ್ಸನ್ ಎಂಬುವರು ತೆಗೆದಿದ್ದ ಶಾಸನಗಳ ಫೋಟೊ ಇಟ್ಟುಕೊಂಡು 1879ರಲ್ಲಿ ಮೊದಲ ಶಾಸನ ಪುಸ್ತಕ ತಂದರು. ಫೋಟೊ ನೋಡಿ ಓದಿದರೆ ಸಾಲದು, ಕಲ್ಲಿನ ಹತ್ತಿರವೇ ಹೋಗಬೇಕು ಅನ್ನೋದು ಆಮೇಲೆ ಅವರು ಮಾಡಿದ ಕೆಲಸ ನೋಡಿದರೇ ಗೊತ್ತಾಗುತ್ತೆ. 1884ರಿಂದ ಮೈಸೂರು ಸಂಸ್ಥಾನದ ಪುರಾತತ್ವ ಕೆಲಸ ಅವರ ಕೈಗೆ ಬಂತು. ಪಂಡಿತರನ್ನು ಜೊತೆಗಿಟ್ಟುಕೊಂಡು ತಾಲ್ಲೂಕು ತಾಲ್ಲೂಕೇ ಸೋಸಿದರು. ಎಪಿಗ್ರಾಫಿಯಾ ಕರ್ನಾಟಿಕಾ ಅಂತ 12 ಸಂಪುಟ, ಒಟ್ಟು 8,869 ಶಾಸನ. ರೈಸ್ ಒಬ್ಬರ ಹೆಸರೇ ದೊಡ್ಡದಾಗಿ ನಿಂತಿದೆ, ಅಕ್ಷರ ಕೂಡಿಸಿ ಓದಿದ ಪಂಡಿತರನ್ನೂ ನೆನೆಯಬೇಕು.

ನಮಗೆ ಬೇಕಾದದ್ದು 5ನೇ ಸಂಪುಟ, ಹಾಸನ ಜಿಲ್ಲೆಯದ್ದು, 1902ರಲ್ಲಿ ಬಂದದ್ದು. ಕನ್ನಡ ಲಿಪಿಯಲ್ಲಿ ಮೂಲ, ರೋಮನ್ ಲಿಪಿಯಲ್ಲಿ ಅದೇ ಪಾಠ, ಜೊತೆಗೆ ಇಂಗ್ಲಿಷ್ ಅನುವಾದ. ತಾಲ್ಲೂಕಿಗೊಂದು ಸರಣಿ, ಪ್ರತಿ ಶಾಸನದ ಜೊತೆ ಊರು, ಕಲ್ಲು ಇರುವ ಜಾಗ. ಮೊದಲೆಲ್ಲ ಇದನ್ನು ನೋಡಬೇಕಂದ್ರೆ ದೊಡ್ಡ ಲೈಬ್ರರಿಯ ಪರಾಮರ್ಶನ ವಿಭಾಗಕ್ಕೇ ಹೋಗಬೇಕಿತ್ತು, ಮನೆಗೆ ಕೊಡ್ತಿರಲಿಲ್ಲ. ಈಗ ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತೆ. ಅಂಗಡಿ ಗಲ್ಲಾ ಮುಂದೆ ಕೂತೇ ಮೊಬೈಲ್‌ನಲ್ಲಿ ತೆಗೀಬಹುದು. ಅರಸೀಕೆರೆಯವರಿಗೆ ತಮ್ಮ ತಾಲ್ಲೂಕಿನ ಸರಣಿ ಬೇರೆಯೇ ಇದೆ. ಹಳೇಬೀಡಿನವರು ಬೇಲೂರಿನ ಕೆಳಗೆ ಹುಡುಕಬೇಕು. ಹೊಯ್ಸಳೇಶ್ವರನ ಗುಡಿ ಪಕ್ಕದ ಕಂಬದಲ್ಲಿರುವ ಗರುಡ ಕುವರ ಲಕ್ಷ್ಮನ ಶಾಸನ ಅಲ್ಲೇ ಸಿಗುತ್ತೆ. ಊರ ಹೆಸರು ನೂರಿಪ್ಪತ್ತು ವರ್ಷದ ಹಿಂದಿನ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿರೋದ್ರಿಂದ ಸ್ವಲ್ಪ ತಾಳ್ಮೆ ಬೇಕು.

ಹೊಲದ ಬದುವಿನಲ್ಲಿ, ಗುಡಿ ಮುಂದೆ ಬಿದ್ದಿರೋ ಕಲ್ಲನ್ನು ಜೀರ್ಣೋದ್ಧಾರಕ್ಕೋ ರಸ್ತೆಗೋ ಎತ್ತುವ ಮುಂಚೆ ಒಮ್ಮೆ ಈ ಪುಸ್ತಕ ನೋಡಿದರೆ ಅದು ಯಾರು ಯಾರಿಗೆ ಕೊಟ್ಟ ಜಮೀನಿನ ಲೆಕ್ಕ ಅಂತ ತಿಳಿದೀತು. ಪುಸ್ತಕದಲ್ಲಿ ಇಲ್ಲ ಅಂದಮಾತ್ರಕ್ಕೆ ಕಲ್ಲಿಗೆ ಬೆಲೆ ಇಲ್ಲ ಅಂತಲೂ ಅಲ್ಲ.

ರೈಸ್ 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. ಅವರ ಜಾಗಕ್ಕೆ ಆರ್. ನರಸಿಂಹಾಚಾರ್ ಬಂದರು. ಅಲ್ಲಿದ್ದೇ 1909ರಲ್ಲಿ ಶಾಸನಗಳ ಆಧಾರದ ಮೇಲೆ ಮೈಸೂರು, ಕೊಡಗಿನ ಚರಿತ್ರೆ ಪ್ರಕಟಿಸಿದರು. ತೀರಿಕೊಂಡದ್ದು 1927ರ ಜುಲೈನಲ್ಲಿ, ಲಂಡನ್ ಹತ್ತಿರದ ಹ್ಯಾರೋದಲ್ಲಿ, 90 ತುಂಬೋಕೆ ಕೆಲವೇ ದಿನ ಇರುವಾಗ.

ಇಷ್ಟು ಸೋಸಿದರೂ ಬೇಲೂರು ತಾಲ್ಲೂಕಿನದೇ ಒಂದು ಕಲ್ಲು ಅವರ ಸಂಪುಟದಲ್ಲಿ ಸೇರಲಿಲ್ಲ. 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದರು. ಅದು ಹಲ್ಮಿಡಿಯ ಶಾಸನ.